ಹೂಳಿನ ಜೊತೆ ಹೊರಟ ವಿಕಿರಣ ಎಲ್ಲಿ ತಂಗುತ್ತದೆ?

ಅಣುಸ್ಥಾವರದ ತ್ಯಾಜ್ಯ ನದಿಗೆ ಸೇರಿದರೆ ಮುಂದೇನಾಗುತ್ತದೆ ಎಂಬ ಪ್ರಶ್ನೆಗೆ ಕಳೆದ ಸಂಚಿಕೆಯಲ್ಲಿ ನಾಲ್ಕೇ ಸಾಲು ಬರೆದಿದ್ದೆ: ‘ನೀರನ್ನಲ್ಲ, ಕೆಸರನ್ನು ಹಿಂಬಾಲಿಸಿ’ ಎಂದು. ಅಷ್ಟಕ್ಕೇ ಬಿಟ್ಟರೆ ಹೇಗೆ ಎಂದು ಓದುಗರು ಪಟ್ಟುಹಿಡಿದಿದ್ದಾರೆ. ಅವರು ಕೇಳಿದ್ದು ಸರಿಯಾಗಿಯೇ ಇದೆ. ಈ ಬಾರಿಯ ಅಂಕಣ ಪೂರ್ತಿ ಆ ಪತ್ರಗಳಿಗೇ ಮೀಸಲು.

ಪ್ರಶ್ನೆ: ಸ್ಥಾವರದ ಕೆಳಗಿನ ನದಿನೀರನ್ನು ಪರೀಕ್ಷಿಸಿ ‘ಪತ್ತೆಯ ಮಟ್ಟಕ್ಕಿಂತ ಕಡಿಮೆ’ ಎಂದು ವರದಿ ಕೊಟ್ಟರೆ, ನದಿ ಶುದ್ಧವಾಗಿದೆ ಎಂದೇ ಅರ್ಥವಲ್ಲವೇ? ಇಲ್ಲದ್ದನ್ನು ಇದೆ ಎಂದು ಹೇಳಿ ಜನರನ್ನು ಹೆದರಿಸುವುದು ಸರಿಯೇ? (ಒಬ್ಬ ನಿವೃತ್ತ ಶಿಕ್ಷಕಿ)

ಉತ್ತರ: ಹೆದರಿಸುವುದು ಖಂಡಿತ ಸರಿಯಲ್ಲ. ಆದರೆ ಆ ವರದಿಯಿಂದ ನದಿ ಶುದ್ಧವಾಗಿದೆ ಎಂಬ ತೀರ್ಮಾನಕ್ಕೆ ಬರಲಾಗದು. ಬಾಟಲಿ ತುಂಬಿಸಿದ ಆ ಗಳಿಗೆಯಲ್ಲಿ, ಆ ಜಾಗದಲ್ಲಿ ಹರಿಯುತ್ತಿದ್ದ ನೀರಿನ ಬಗ್ಗೆ ಮಾತ್ರ ಅದು ಹೇಳುತ್ತದೆ. ನನ್ನ ವೃತ್ತಿಜೀವನದ ಬಹುಪಾಲು ಕಳೆದದ್ದು ನದಿ ಮತ್ತು ಅಳಿವೆಗಳ ಕೆಸರನ್ನು ಅಳೆಯುವುದರಲ್ಲಿ. ಹೀಗೆ ನೀರಿನ ಅಂಕಿಯನ್ನು ಮುಂದಿಟ್ಟು ನದಿಗೆ ಪ್ರಮಾಣಪತ್ರ ಕೊಡುವುದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಕಾರಣ ಹೇಳುತ್ತೇನೆ. ಅಣುಸೀಳಿಕೆಯಿಂದ ಹುಟ್ಟುವ ಸೀಸಿಯಂ-137 ನೀರಿಗೆ ಬಿದ್ದಾಗ ಮೊದಲು ಕರಗಿಯೇ ಇರುತ್ತದೆ. ಆದರೆ ನದಿಯಲ್ಲಿ ಜೇಡಿಮಣ್ಣಿನ ಕಣಗಳು ತೇಲುತ್ತಿರುತ್ತವಲ್ಲ, ಅವುಗಳಲ್ಲಿ ಇಲೈಟ್ ಎಂಬ ಖನಿಜಕ್ಕೆ ಸೀಸಿಯಂ ಎಂದರೆ ಬಿಡಲಾರದ ನಂಟು. ಇಲೈಟ್ ಪದರ ಪದರವಾಗಿ ಕಟ್ಟಿಕೊಂಡಿರುತ್ತದೆ. ಪದರಗಳನ್ನು ಬಿಗಿದಿಡುವುದು ನಡುವೆ ಕುಳಿತ ಪೊಟ್ಯಾಸಿಯಂ. ಬಿಸಿಲು ಮಳೆಗಳಿಗೆ ಸವೆಯುತ್ತ ಬಂದಂತೆ ಅಂಚಿನ ಪೊಟ್ಯಾಸಿಯಂ ಕಳಚಿಹೋಗಿ, ಹಳೆಯ ಪುಸ್ತಕದ ಹಾಳೆಗಳ ಹಾಗೆ ಪದರಗಳ ತುದಿ ಬಿಚ್ಚಿಕೊಳ್ಳುತ್ತದೆ. ಆ ಬಿರುಕಿನೊಳಕ್ಕೆ ಸೀಸಿಯಂ ಅಯಾನು ಸೇರಿಕೊಳ್ಳುತ್ತದೆ. ಕ್ಯಾಲ್ಸಿಯಂ, ಸೋಡಿಯಂಗಳು ಮೈಗೆ ನೀರಿನ ಅಣುಗಳನ್ನು ಬಿಗಿಯಾಗಿ ಸುತ್ತಿಕೊಂಡಿರುವುದರಿಂದ ಅಲ್ಲಿ ತೂರಲಾರವು. ಸೀಸಿಯಂ ತನ್ನ ನೀರನ್ನು ಸುಲಭವಾಗಿ ಕಳಚಿ ಒಳಹೋಗುತ್ತದೆ, ಆಮೇಲೆ ಪದರಗಳು ಅದರ ಮೇಲೆ ಮುಚ್ಚಿಕೊಳ್ಳುತ್ತವೆ. ಕಾಲ ಸರಿದಂತೆ ಹಿಡಿತ ಇನ್ನಷ್ಟು ಬಿಗಿಯಾಗುತ್ತದೆ. ಹೀಗಾಗಿ ಸಿಹಿನೀರಿನ ನದಿಯಲ್ಲಿ ಒಂದು ಕಿಲೋ ಒಣ ಕೆಸರು ಹಿಡಿದಿಟ್ಟುಕೊಂಡಿರುವ ಸೀಸಿಯಂ, ಒಂದು ಲೀಟರ್ ನೀರಿನಲ್ಲಿ ಕರಗಿರುವುದಕ್ಕಿಂತ ಸಾವಿರಾರು ಪಟ್ಟು, ಎಷ್ಟೋ ಕಡೆ ಹತ್ತಾರು ಸಾವಿರ ಪಟ್ಟು ಹೆಚ್ಚಿರುತ್ತದೆ.

ಇನ್ನು ಪ್ರಯೋಗಾಲಯದಲ್ಲಿ ನಡೆಯುವುದನ್ನು ನೋಡಿ. ನೀರಿನ ಮಾದರಿಯನ್ನು ಸಾಮಾನ್ಯವಾಗಿ 0.45 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು) ರಂಧ್ರದ ಸೋಸುಹಾಳೆಯ ಮೂಲಕ ಹಾಯಿಸುತ್ತಾರೆ. ಕೆಳಗಿಳಿದ ತಿಳಿನೀರನ್ನು ಅಳೆಯುತ್ತಾರೆ. ಹಾಳೆಯ ಮೇಲೆ ಕಂದುಬಣ್ಣದ ಲೇಪದಂತೆ ಉಳಿದ ಕಣಗಳನ್ನು ಅಳೆಯದೆ ಎಸೆದರೆ, ಹುಡುಕುತ್ತಿದ್ದ ವಸ್ತುವನ್ನೇ ಎಸೆದಂತಾಯಿತು. ‘ಸೋಸಿದ ನೀರೋ, ಸೋಸದ ನೀರೋ? ಸೋಸಿದ್ದರೆ ಕಣಗಳ ಲೆಕ್ಕ ಎಲ್ಲಿ?’ ಎಂದು ವರದಿ ಕೊಟ್ಟವರನ್ನು ನೀವು ಕೇಳಬೇಕು. ಇದು ತಜ್ಞರಷ್ಟೇ ಕೇಳಬೇಕಾದ ಪ್ರಶ್ನೆಯಲ್ಲ.

ಎರಡನೆಯ ಪ್ರಶ್ನೆಯೂ ಇದೆ: ಯಾವ ದಿನದ ನೀರು? ವರ್ಷದುದ್ದಕ್ಕೂ ನದಿ ಸಾಗಿಸುವ ಹೂಳಿನ ಬಹುಪಾಲು ನೆರೆ ಬಂದ ಕೆಲವೇ ದಿನಗಳಲ್ಲಿ ಸಾಗಿಹೋಗುತ್ತದೆ. 2011ರ ಮಾರ್ಚ್‌ನಲ್ಲಿ ಫುಕುಶಿಮಾ ದುರಂತವಾದ ಮೇಲೆ ಅಲ್ಲಿನ ಗುಡ್ಡಗಳ ಮೇಲೆ ಬಿದ್ದ ಸೀಸಿಯಂ ಅಬುಕುಮಾ ನದಿಯಲ್ಲೂ ಕರಾವಳಿಯ ಸಣ್ಣ ನದಿಗಳಲ್ಲೂ ಹೀಗೆಯೇ ಇಳಿದುಬಂತು. ಅಬುಕುಮಾದಲ್ಲಿ ಸಾಗಿದ ಸೀಸಿಯಂನಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಪಾಲು ಕಣಗಳಿಗೆ ಅಂಟಿಕೊಂಡೇ ಸಾಗಿತು. ಪ್ರತಿ ಚಂಡಮಾರುತವೂ ಒಂದು ಕಂತನ್ನು ಕೆಳಗೆ ಒಯ್ದಿತು. 2019ರ ಅಕ್ಟೋಬರ್‌ನ ಹಗಿಬಿಸ್ ಚಂಡಮಾರುತ ಇಂಥ ಒಂದು ದೊಡ್ಡ ಕಂತು. ಬೇಸಿಗೆಯ ತಿಳಿಹೊಳೆಯಲ್ಲಿ ತಿಂಗಳಿಗೊಂದು ಬಾಟಲಿ ತುಂಬಿಸುವವರಿಗೆ ಈ ಸಾಗಾಟ ಕಾಣುವುದೇ ಇಲ್ಲ.

ಪ್ರಶ್ನೆ: ಎಲ್ಲ ವಿಕಿರಣಶೀಲ ಧಾತುಗಳೂ ಹೀಗೆ ಕೆಸರಿಗೆ ಅಂಟುತ್ತವೆಯೇ? (ಪದವಿ ವಿದ್ಯಾರ್ಥಿ)

ಉತ್ತರ: ಇಲ್ಲ. ಸ್ಟ್ರಾನ್ಷಿಯಂ-90 ಗುಣದಲ್ಲಿ ಕ್ಯಾಲ್ಸಿಯಂನ ಬಂಧು, ಹಾಗಾಗಿ ಬಹುಪಾಲು ನೀರಿನಲ್ಲಿ ಕರಗಿಯೇ ಸಾಗುತ್ತದೆ. ಟ್ರಿಟಿಯಂ ನೀರಿನ ಅಣುವಿನ ಭಾಗವೇ ಆಗಿಬಿಡುವುದರಿಂದ ಕೆಸರಿನ ಗೊಡವೆಗೇ ಹೋಗುವುದಿಲ್ಲ. ಇದಕ್ಕೆ ಪ್ಲುಟೋನಿಯಂ, ಅಮೆರಿಸಿಯಂಗಳು ತದ್ವಿರುದ್ಧ: ಸೀಸಿಯಂಗಿಂತಲೂ ಹೆಚ್ಚು ಕಣಪ್ರಿಯ.

ಇದನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿದ್ದು ಉಕ್ರೇನಿನ ನೀಪರ್ ನದಿ. 1986ರ ಚೆರ್ನೋಬಿಲ್ ಸ್ಫೋಟದ ನಂತರ ಪ್ರಿಪ್ಯಾತ್ ನದಿಯ ಮೂಲಕ ಸೀಸಿಯಂ, ಸ್ಟ್ರಾನ್ಷಿಯಂ ಎರಡೂ ಕೀವ್ ಜಲಾಶಯಕ್ಕೆ ಇಳಿದವು. ಅದೂ ಸೇರಿ ಅಲ್ಲಿಂದ ಕಪ್ಪು ಸಮುದ್ರದವರೆಗೆ ಆಗ ಒಂದರ ಕೆಳಗೊಂದು ಆರು ಜಲಾಶಯಗಳ ಸಾಲಿತ್ತು. ಸೀಸಿಯಂ ಹೂಳಿನ ಜೊತೆ ಬಹುಮಟ್ಟಿಗೆ ಮೇಲಿನ ಜಲಾಶಯದ ತಳದಲ್ಲಿಯೇ ಕೂತಿತು. ಸ್ಟ್ರಾನ್ಷಿಯಂ ಮಾತ್ರ ಆರೂ ಅಣೆಕಟ್ಟುಗಳನ್ನು ದಾಟಿ ಸಮುದ್ರ ಮುಟ್ಟಿತು. 1991ರ ಜನವರಿಯಲ್ಲಿ ಪ್ರಿಪ್ಯಾತ್‌ನಲ್ಲಿ ಮಂಜುಗಡ್ಡೆ ಸಿಲುಕಿ ನೀರು ದಡದ ಬಯಲಿಗೆ ಏರಿದಾಗ ಆ ಬಯಲಿನ ಸ್ಟ್ರಾನ್ಷಿಯಂ ತೊಳೆದುಕೊಂಡು ನದಿಗೆ ಬಂತು. ಎರಡು ವರ್ಷಗಳ ನಂತರ ಎಡದಂಡೆಯಲ್ಲಿ ಒಡ್ಡು ಕಟ್ಟಿ ನೀರು ಆ ಬಯಲನ್ನು ಮುಟ್ಟದಂತೆ ಮಾಡಿದರು. ಸೀಸಿಯಂಗೆ ಜಲಾಶಯವೇ ತಡೆ, ಸ್ಟ್ರಾನ್ಷಿಯಂಗೆ ಒಡ್ಡು ತಡೆ. ಯಾವ ಧಾತು ಎಂದು ತಿಳಿಯದೆ ಉಪಾಯ ಹುಡುಕಿದರೆ ಹಣವೂ ವ್ಯರ್ಥ, ಕಾಲವೂ ವ್ಯರ್ಥ.

ಈ ವ್ಯತ್ಯಾಸದ ಕ್ರೂರ ಮುಖ ಕಂಡದ್ದು ರಷ್ಯಾದ ಟೆಚಾ ನದಿಯ ದಡದಲ್ಲಿ. ಅಲ್ಲಿನ ಮಯಾಕ್ ಕಾರ್ಖಾನೆ ಬಾಂಬಿಗೆ ಪ್ಲುಟೋನಿಯಂ ತಯಾರಿಸುತ್ತ 1949ರಿಂದ 1956ರವರೆಗೆ ದ್ರವತ್ಯಾಜ್ಯವನ್ನು ನೇರವಾಗಿ ನದಿಗೆ ಬಿಟ್ಟಿತು, ಅದರ ಬಹುಪಾಲು 1950 ಮತ್ತು 1951ರಲ್ಲಿಯೇ. ದಡದ ಹಳ್ಳಿಗಳಲ್ಲಿದ್ದ ಸುಮಾರು 28,000 ಜನ ಅದೇ ನೀರನ್ನು ಕುಡಿದರು, ಅದೇ ಬಯಲಿನಲ್ಲಿ ದನ ಮೇಯಿಸಿದರು. ಕಾರ್ಖಾನೆ ಗುಟ್ಟಿನದು, ಆದ್ದರಿಂದ ನದಿಯ ಸ್ಥಿತಿಯೂ ಗುಟ್ಟು. ಸೀಸಿಯಂ ಮೇಲ್ಭಾಗದ ಜವುಗಿನ ಕೆಸರಿನಲ್ಲಿ ನೆಲೆನಿಂತಿತು. ಸ್ಟ್ರಾನ್ಷಿಯಂ ನೀರಿನೊಡನೆ ಇಸೆಟ್, ಟೊಬೋಲ್, ಇರ್ತಿಶ್, ಓಬ್ ನದಿಗಳನ್ನು ಹಾದು ಆರ್ಕ್ಟಿಕ್‌ನತ್ತ ಸಾಗಿತು. ಸಾಗುವ ದಾರಿಯಲ್ಲಿ ಜನರ ಮೂಳೆಗಳಲ್ಲಿಯೂ ಸೇರಿತು, ಏಕೆಂದರೆ ಕ್ಯಾಲ್ಸಿಯಂ ಹೋಗುವಲ್ಲಿಗೆಲ್ಲ ಅದು ಹೋಗುತ್ತದೆ.

ಪ್ರಶ್ನೆ: ಸಮುದ್ರ ಅಷ್ಟು ಅಗಾಧವಾಗಿರುವಾಗ ನದಿಯ ಕೊಳೆ ಅಲ್ಲಿಗೆ ತಲುಪಿದ ಮೇಲೆ ಚದುರಿಹೋಗುತ್ತದೆ. ಅಳಿವೆಯ ಬಗ್ಗೆಯೇ ಪ್ರತ್ಯೇಕವಾಗಿ ತಲೆಕೆಡಿಸಿಕೊಳ್ಳುವುದೇಕೆ? (ಬಂದರು ಕಾಮಗಾರಿಯಲ್ಲಿರುವ ಎಂಜಿನಿಯರ್)

ಉತ್ತರ: ಅಳಿವೆಗೆ ಬಂದದ್ದೆಲ್ಲ ಸಮುದ್ರಕ್ಕೆ ಹೋಗುತ್ತದೆ ಎಂದು ನೀವು ಹಿಡಿದುಕೊಂಡಿದ್ದೀರಿ. ಬಂದರಿನಲ್ಲಿ ಹೂಳೆತ್ತಿಸುವ ನಿಮಗೆ ಅದು ಹಾಗಲ್ಲ ಎಂಬುದು ನನಗಿಂತ ಚೆನ್ನಾಗಿ ಗೊತ್ತಿರಬೇಕು. ಎತ್ತಿದಷ್ಟೂ ಮತ್ತೆ ತುಂಬುವ ಆ ಹೂಳು ಎಲ್ಲಿಂದ ಬರುತ್ತದೆ?

ಎರಡು ಮೈಕ್ರಾನ್ ಗಾತ್ರದ ಜೇಡಿಕಣ ಅಲುಗಾಡದ ನೀರಿನಲ್ಲಿ ಒಂದು ಮೀಟರ್ ಕೆಳಗಿಳಿಯಲು ಸುಮಾರು ಮೂರು ದಿನ ಬೇಕು. ಹರಿಯುವ ನೀರಿನಲ್ಲಾದರೆ ಅದು ಇಳಿಯುವುದೇ ಇಲ್ಲ. ಸಿಹಿನೀರಿನಲ್ಲಿ ಈ ಕಣಗಳ ಮೈಮೇಲಿನ ಋಣ ವಿದ್ಯುದಂಶ ಒಂದನ್ನೊಂದು ದೂರ ತಳ್ಳುತ್ತಿರುತ್ತದೆ. ಉಪ್ಪುನೀರು ಬೆರೆತೊಡನೆ ಆ ತಳ್ಳಾಟ ಕುಗ್ಗುತ್ತದೆ, ಸಾವಯವ ಅಂಟೂ ಜೊತೆಗೂಡುತ್ತದೆ, ಕಣಗಳು ಗುಂಪುಗೂಡಿ ಮುದ್ದೆಗಟ್ಟಿ ಬೇಗ ಬೇಗ ತಳ ಸೇರುತ್ತವೆ. ತಳದಲ್ಲಿ ಇನ್ನೊಂದು ಹರಿವು ಕಾದಿರುತ್ತದೆ. ಭಾರವಾದ ಉಪ್ಪುನೀರು ಹಗುರವಾದ ನದಿನೀರಿನ ಅಡಿಯಲ್ಲಿ ಒಳನಾಡಿನತ್ತ ತೂರುತ್ತದೆ. ಇದರ ಮೇಲೆ, ಆಳವಿಲ್ಲದ ಅನೇಕ ಅಳಿವೆಗಳಲ್ಲಿ ಉಬ್ಬರ ಕಡಿಮೆ ಹೊತ್ತಿನಲ್ಲಿ ರಭಸದಿಂದ ಏರುತ್ತದೆ, ಇಳಿತ ನಿಧಾನವಾಗಿ ಹಿಂದೆಗೆಯುತ್ತದೆ. ರಭಸದ ಉಬ್ಬರ ಎಬ್ಬಿಸಿ ಒಳಗೆ ತಂದ ಕೆಸರನ್ನು ಸಾವಕಾಶದ ಇಳಿತ ಪೂರ್ತಿಯಾಗಿ ಹೊರಗೊಯ್ಯಲಾರದು. ಹೀಗೆ ದಿನಕ್ಕೆರಡು ಬಾರಿ ಸ್ವಲ್ಪ ಸ್ವಲ್ಪವೇ ಮಣ್ಣು ಒಳಮುಖವಾಗಿ ಜಮೆಯಾಗುತ್ತದೆ. ನದಿಯ ನೀರು ಸಮುದ್ರಕ್ಕೆ ಹೋಗುತ್ತಿರುವಾಗಲೇ ಸಮುದ್ರದ ಕೆಸರು ನದಿಗೆ ಬರುತ್ತಿರುತ್ತದೆ.

ಇದಕ್ಕೆ ನನಗೆ ಗೊತ್ತಿರುವ ಅತ್ಯುತ್ತಮ ಸಾಕ್ಷಿ ಇಂಗ್ಲೆಂಡಿನ ವಾಯವ್ಯ ಕರಾವಳಿಯ ರೇವನ್‌ಗ್ಲಾಸ್ ಅಳಿವೆ. ಇರ್ಟ್, ಮೈಟ್, ಎಸ್ಕ್ ಎಂಬ ಮೂರು ಪುಟ್ಟ ನದಿಗಳು ಅಲ್ಲಿ ಕೂಡುತ್ತವೆ. ಉತ್ತರಕ್ಕೆ ಸುಮಾರು ಹತ್ತು ಕಿಲೋಮೀಟರ್ ದೂರದಲ್ಲಿ ಬಳಸಿದ ಅಣು ಇಂಧನವನ್ನು 2022ರವರೆಗೆ ಮರುಸಂಸ್ಕರಿಸುತ್ತಿದ್ದ ಸೆಲ್ಲಾಫೀಲ್ಡ್ ಕೇಂದ್ರ. 1950ರ ದಶಕದ ಆರಂಭದಿಂದ ಅದು ಕೊಳವೆಯ ಮೂಲಕ ತ್ಯಾಜ್ಯವನ್ನು ಐರಿಷ್ ಸಮುದ್ರಕ್ಕೆ ಬಿಟ್ಟಿತು. 1970ರ ದಶಕದ ಮಧ್ಯದಲ್ಲಿ ಅದರ ಪ್ರಮಾಣ ತುತ್ತತುದಿಗೇರಿತು. ನಿಮ್ಮಂತೆಯೇ ಅಂದಿನ ಯೋಜಕರೂ ಸಮುದ್ರದ ಅಗಾಧತೆಯನ್ನು ನಂಬಿದ್ದರು. ಆಗಿದ್ದೇನು? ಪ್ಲುಟೋನಿಯಂ, ಅಮೆರಿಸಿಯಂಗಳ ಬಹುಪಾಲು ದೂರ ಹೋಗಲೇ ಇಲ್ಲ, ಕರಾವಳಿಗೆ ಸಮಾನಾಂತರವಾಗಿ ಸಮುದ್ರತಳದಲ್ಲಿರುವ ಕೆಸರಿನ ಪಟ್ಟಿಯಲ್ಲಿ ಕೂತವು. ಆ ಕೆಸರನ್ನು ಬಿರುಗಾಳಿಯ ಅಲೆಗಳು ಕೆದಕಿದವು, ಉಬ್ಬರ ಒಳಗೆ ತಂದಿತು. ರೇವನ್‌ಗ್ಲಾಸ್‌ನ ಮೂರು ನದಿಗಳ ದಂಡೆಯಲ್ಲಿ ಯಾವ ಅಣುಸ್ಥಾವರವೂ ಇಲ್ಲ. ಆದರೂ ಅವುಗಳ ಅಳಿವೆಯ ಉಪ್ಪುಜವುಗಿನ ಹುಲ್ಲಿನ ಬುಡದಲ್ಲಿ ವಿಕಿರಣ ಪದರಗಟ್ಟಿದೆ. ನದಿಯ ಹರಿವಿಗೆ ಎದುರಾಗಿ, ಸಮುದ್ರದಿಂದ ಒಳನಾಡಿಗೆ ಬಂದ ವಿಕಿರಣ ಅದು.

ಇನ್ನೊಂದು ಸಂಗತಿಯೂ ಅಲ್ಲಿಂದಲೇ. 1980ರ ದಶಕದಲ್ಲಿ ಹೊಸ ಶುದ್ಧೀಕರಣ ಘಟಕಗಳು ಬಂದು ತ್ಯಾಜ್ಯ ತೀವ್ರವಾಗಿ ಇಳಿಯಿತು. ಐರಿಷ್ ಸಮುದ್ರದ ನೀರಿನಲ್ಲಿ ಸೀಸಿಯಂ ಅದೇ ವೇಗದಲ್ಲಿ ಇಳಿಯಬೇಕಿತ್ತು, ಇಳಿಯಲಿಲ್ಲ. ಕೊಳವೆ ನಿಲ್ಲಿಸಿದ್ದನ್ನು ತಳದ ಕೆಸರು ಕೊಡತೊಡಗಿತ್ತು. ಮೂವತ್ತು ವರ್ಷ ನುಂಗಿಕೊಂಡದ್ದನ್ನು ಅದು ಈಗ ನಿಧಾನವಾಗಿ ಬಿಡುತ್ತಿದೆ. ಇಡೀ ವಿಷಯದಲ್ಲಿ ನನಗೆ ಮುಖ್ಯವೆನಿಸುವುದು ಇದೇ: ಕೆಸರು ಇಂದು ಉಗ್ರಾಣ, ನಾಳೆ ಅದೇ ಮೂಲ. ಕೊಳವೆಯ ಬಾಯಿ ಮುಚ್ಚಿದ ದಿನ ಲೆಕ್ಕದ ಪುಸ್ತಕವನ್ನೂ ಮುಚ್ಚಿಬಿಡುವ ಪದ್ಧತಿಯನ್ನು ನಾನು ಒಪ್ಪಲಾರೆ.

ಪ್ರಶ್ನೆ: ಜೇಡಿಯ ಹಿಡಿತ ಅಷ್ಟು ಬಿಗಿ ಎಂದಾದರೆ ಕೆಸರು ಸೀಸಿಯಂ ಅನ್ನು ಮತ್ತೆ ಬಿಡುವುದು ಹೇಗೆ? (ಅದೇ ಪದವಿ ವಿದ್ಯಾರ್ಥಿ, ಎರಡನೆಯ ಪತ್ರದಲ್ಲಿ)

ಉತ್ತರ: ಒಳ್ಳೆಯ ಪಟ್ಟು. ಹಿಡಿತ ಎಲ್ಲ ಜಾಗದಲ್ಲೂ ಒಂದೇ ಬಿಗಿಯಲ್ಲ. ಪದರಗಳ ನಡುವೆ ಮುಚ್ಚಿಹೋದದ್ದು ಸುಲಭಕ್ಕೆ ಹೊರಬರುವುದಿಲ್ಲ. ಆದರೆ ಹೊರಮೈಯಲ್ಲಿ ಮತ್ತು ಅಂಚಿನ ಬಾಯಲ್ಲಿ ಕೂತ ಸೀಸಿಯಂ ಅನ್ನು ಅದರಂತೆಯೇ ಇರುವ ಬೇರೆ ಅಯಾನುಗಳು ಎಬ್ಬಿಸಬಲ್ಲವು. ಸಮುದ್ರದ ನೀರಿನಲ್ಲಿ ಪೊಟ್ಯಾಸಿಯಂ ಹೇರಳ, ಸೋಡಿಯಂ ಅದಕ್ಕಿಂತ ಹೇರಳ. ನದಿಯ ಕಣ ಉಪ್ಪುನೀರಿಗೆ ಕಾಲಿಟ್ಟೊಡನೆ ಈ ಗುಂಪು ಮುತ್ತಿಗೆ ಹಾಕಿ ಸೀಸಿಯಂನ ಒಂದು ಪಾಲನ್ನು ಹೊರದಬ್ಬುತ್ತದೆ. ಎರಡನೆಯ ಶತ್ರು ಅಮೋನಿಯಂ. ಆಮ್ಲಜನಕವಿಲ್ಲದ ಆಳದ ಕೆಸರಿನಲ್ಲಿ ಸತ್ತ ಎಲೆ, ಪಾಚಿಗಳನ್ನು ಬ್ಯಾಕ್ಟೀರಿಯಾಗಳು ಕೊಳೆಸುವಾಗ ಅದು ಹುಟ್ಟುತ್ತದೆ. ಗಾತ್ರದಲ್ಲಿ ಪೊಟ್ಯಾಸಿಯಂಗೆ ಹತ್ತಿರವಿರುವುದರಿಂದ ಸೀಸಿಯಂ ಕೂತ ಜಾಗಕ್ಕೇ ಕೈಹಾಕುತ್ತದೆ.

ಫುಕುಶಿಮಾದ ಸುತ್ತಲಿನ ಕಡಲತೀರಗಳು ಇದನ್ನು ಯಾರೂ ನಿರೀಕ್ಷಿಸದ ಜಾಗದಲ್ಲಿ ತೋರಿಸಿದವು. 2011ರಲ್ಲಿ ಅಲೆಗಳು ತಂದ ಸೀಸಿಯಂ ಮರಳಿನ ಅಡಿಯ ಅಂತರ್ಜಲದಲ್ಲಿ ಇಳಿದು, ಅಲ್ಲಿ ಉಪ್ಪು ಕಡಿಮೆಯಿದ್ದುದರಿಂದ ಮರಳಿನ ಕಣಗಳಿಗೆ ಅಂಟಿತು. ಮುಂದೆ ಅಲೆ, ಉಬ್ಬರಗಳೊಡನೆ ಉಪ್ಪುನೀರು ಒಳಹೊಕ್ಕಂತೆಲ್ಲ ಕಳಚಿಕೊಂಡು ಸಮುದ್ರಕ್ಕೆ ಮರಳುತ್ತಿದೆ. ಸ್ಥಾವರದಿಂದ ಸುಮಾರು ನೂರು ಕಿಲೋಮೀಟರ್ ದೂರದ ತೀರಗಳವರೆಗೂ ಇದು ಕಂಡುಬಂತು ಎಂದು ಸಂಶೋಧಕರು 2017ರಲ್ಲಿ ಪ್ರಕಟಿಸಿದರು. ಆ ನೀರನ್ನು ಯಾರೂ ಕುಡಿಯುವುದಿಲ್ಲ, ಗಾಬರಿಯ ಮಾತಿಲ್ಲ. ಆದರೆ ಮರಳು ಇಷ್ಟು ಸೀಸಿಯಂ ಅನ್ನು ಬಚ್ಚಿಟ್ಟುಕೊಂಡೀತು ಎಂದು ಅದಕ್ಕೆ ಮೊದಲು ಯಾರೂ ಅಳೆದು ನೋಡಿರಲಿಲ್ಲ.

ಪ್ರಶ್ನೆ: ಕೆಸರನ್ನು ನೋಡಿ ಇದು ಇಂಥ ವರ್ಷದ ಪದರ ಎಂದು ಹೇಳುತ್ತಾರಂತೆ. ಅದು ಹೇಗೆ? (ಗೃಹಿಣಿಯೊಬ್ಬರು)

ಉತ್ತರ: ನನಗೆ ಅತ್ಯಂತ ಪ್ರಿಯವಾದ ಕೆಲಸದ ಬಗ್ಗೆ ಕೇಳಿದ್ದೀರಿ, ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಇಳಿತದ ಹೊತ್ತಿನಲ್ಲಿ ಉಪ್ಪುಜವುಗಿಗೆ ಹೋಗಿ ತೋಳಿನಷ್ಟು ದಪ್ಪದ ಪ್ಲಾಸ್ಟಿಕ್ ಕೊಳವೆಯನ್ನು ನೇರವಾಗಿ ಕೆಸರಿಗೆ ಒತ್ತುತ್ತೇವೆ. ಮೇಲ್ತುದಿಗೆ ಬಿಗಿಯಾಗಿ ಮುಚ್ಚಳ ಹಾಕಿದರೆ ಒಳಗೆ ಗಾಳಿ ಹೋಗದೆ ಕೆಸರಿನ ಕಂಬ ಜಾರದೆ ಮೇಲೆ ಬರುತ್ತದೆ. ಮೊದಲ ಕೆಲವು ಸೆಂಟಿಮೀಟರ್ ಕಂದು, ಅಲ್ಲಿಗೆ ಗಾಳಿಯ ಆಮ್ಲಜನಕ ತಲುಪಿದೆ. ಅದರ ಕೆಳಗೆ ಬೂದುಕಪ್ಪು, ಕೊಳೆತ ಮೊಟ್ಟೆಯ ವಾಸನೆ. ಪ್ರಯೋಗಾಲಯದಲ್ಲಿ ಆ ಕಂಬವನ್ನು ಕೆಳಗಿನಿಂದ ಮೆಲ್ಲಗೆ ಮೇಲಕ್ಕೆ ದೂಡುತ್ತ, ಒಂದೊಂದು ಸೆಂಟಿಮೀಟರಿಗೆ ಒಂದು ಬಿಲ್ಲೆಯಂತೆ ಕತ್ತರಿಸುತ್ತೇವೆ. ಪ್ರತಿ ಬಿಲ್ಲೆಯ ಹೊರ ಅಂಚನ್ನು ಕೆತ್ತಿ ತೆಗೆಯಲೇಬೇಕು. ಕೊಳವೆಯ ಗೋಡೆಗೆ ತಾಗಿ ಮೇಲಿನ ಪದರದ ಮಣ್ಣು ಕೆಳಕ್ಕೆ ಸವರಿಕೊಂಡಿರುತ್ತದೆ, ಅದನ್ನು ಬಿಟ್ಟರೆ ಕಾಲದ ಲೆಕ್ಕವೇ ಕಲಸಿಹೋಗುತ್ತದೆ. ಆಮೇಲೆ ಒಣಗಿಸಿ, ಪುಡಿಮಾಡಿ, ಡಬ್ಬಿಗೆ ತುಂಬಿ, ಗಾಳಿಯಾಡದಂತೆ ಮುಚ್ಚಿ ಮೂರು ವಾರ ಹಾಗೇ ಇಡುತ್ತೇವೆ. ಮಣ್ಣಿನಲ್ಲಿರುವ ರೇಡಿಯಂನಿಂದ ರೇಡಾನ್ ಅನಿಲ ಹುಟ್ಟುತ್ತದೆ. ಅದು ಹೊರಗೆ ಸೋರದೆ ಒಳಗೇ ಸಮತೋಲಕ್ಕೆ ಬಂದರೆ ಮಾತ್ರ ರೇಡಿಯಂನ ಅಳತೆ ಸರಿಬರುತ್ತದೆ. ಕೊನೆಗೆ ಆ ಡಬ್ಬಿ ದಪ್ಪ ಸೀಸದ ಗೂಡಿನೊಳಗೆ, ದ್ರವ ಸಾರಜನಕದಿಂದ ತಣ್ಣಗಾಗಿಸಿದ ಜರ್ಮೇನಿಯಂ ಹರಳಿನ ಮೇಲೆ ಕೂರುತ್ತದೆ. ಒಂದು ಬಿಲ್ಲೆಗೆ ಒಂದು ಹಗಲು, ಒಂದು ರಾತ್ರಿ. ಕೆಲವಕ್ಕೆ ಇನ್ನೂ ಹೆಚ್ಚು. ಹರಳು ಹಿಡಿದ ಗಾಮಾ ಕಿರಣಗಳ ಶಕ್ತಿಯನ್ನು ತೋರಿಸುವ ಪರದೆಯ ಮೇಲೆ 662 ಕಿಲೋ ಎಲೆಕ್ಟ್ರಾನ್‌ವೋಲ್ಟ್ ಗುರುತಿನಲ್ಲಿ ಒಂದು ಚೂಪು ಶಿಖರ ಮೆಲ್ಲಮೆಲ್ಲಗೆ ಎದ್ದರೆ ಅದು ಸೀಸಿಯಂ-137. 59.5ರಲ್ಲಿ ಎದ್ದರೆ ಅಮೆರಿಸಿಯಂ-241.

ಈಗ ಆಳದ ಎದುರು ಸೀಸಿಯಂನ ಅಂಕಿಗಳನ್ನು ಗುರುತು ಹಾಕುತ್ತ ಹೋಗಿ. ತೀರ ಕೆಳಗೆ ಸೊನ್ನೆ, ಅದು ಅಣುಯುಗಕ್ಕೆ ಮುಂಚಿನ ಮಣ್ಣು. 1950ರ ದಶಕದ ಮೊದಲ ಭಾಗದಲ್ಲಿ ಬಾಂಬ್ ಪರೀಕ್ಷೆಗಳ ಧೂಳಿನೊಡನೆ ಅಂಕಿ ತಲೆಯೆತ್ತುತ್ತದೆ, 1963ರ ಹೊತ್ತಿಗೆ ಶಿಖರ ಮುಟ್ಟುತ್ತದೆ. ಆ ವರ್ಷ ವಾತಾವರಣದಲ್ಲಿ ಪರೀಕ್ಷೆ ನಿಷೇಧಿಸುವ ಒಪ್ಪಂದವಾಯಿತು, ಅಂಕಿ ಇಳಿಯಿತು. ಯುರೋಪಿನ ಕೆರೆಗಳಲ್ಲಾದರೆ 1986ರ ಇನ್ನೊಂದು ಶಿಖರ. ರೇವನ್‌ಗ್ಲಾಸ್‌ನಂಥ ಕಡೆ 1970ರ ದಶಕದ ಶಿಖರ ಉಳಿದದ್ದನ್ನೆಲ್ಲ ಕುಬ್ಜಗೊಳಿಸುತ್ತದೆ. ಗಾಳಿಯಿಂದ ಸಹಜವಾಗಿ ಬೀಳುವ ಸೀಸ-210 ಎಂಬ ವಿಕಿರಣಶೀಲ ಸೀಸದ ಕ್ಷಯವನ್ನು ಜೊತೆಗಿಟ್ಟು ತಾಳೆ ನೋಡಿದರೆ ನೂರು ವರ್ಷದ ಲೆಕ್ಕ ಸಾಕಷ್ಟು ನಂಬಿಕೆಯಿಂದ ಸಿಗುತ್ತದೆ. ಯಾರು ಯಾವಾಗ ಎಷ್ಟು ಬಿಟ್ಟರು ಎಂಬುದನ್ನು ಕಡತದಲ್ಲಿ ಅಡಗಿಸಬಹುದು, ಈ ಕಂಬದಲ್ಲಿ ಅಡಗಿಸಲಾಗದು. ನನಗೆ ಈ ಕೆಲಸದ ಮೇಲೆ ಗೌರವ ಹುಟ್ಟಿದ್ದೇ ಆ ಕಾರಣಕ್ಕೆ.

ಎಲ್ಲ ಕೆಸರೂ ಹೀಗೆ ಓರಣವಾಗಿರುವುದಿಲ್ಲ. ಐರಿಷ್ ಸಮುದ್ರದ ತಳದಲ್ಲಿ ಬಿಲ ತೋಡುವ ಸೀಗಡಿಯ ಒಂದು ಜಾತಿಯೂ ಒಂದು ಬಗೆಯ ಹುಳುವೂ ಮೇಲಿನ ಮಣ್ಣನ್ನು ಆಳಕ್ಕೂ ಆಳದ್ದನ್ನು ಮೇಲಕ್ಕೂ ಸಾಗಿಸುತ್ತಿರುತ್ತವೆ. ಅಂಥ ಕಡೆ ವರ್ಷ ಓದುವ ಸಾಹಸ ಬೇಡ.

ಪ್ರಶ್ನೆ: ಸೀಸಿಯಂನ ಅರ್ಧಾಯುಷ್ಯ 30 ವರ್ಷವಾದರೆ 60 ವರ್ಷಕ್ಕೆ ಪೂರ್ತಿ ಮುಗಿಯುತ್ತದಲ್ಲವೇ?

ಉತ್ತರ: ಇಲ್ಲ. 30 ವರ್ಷಕ್ಕೆ ಅರ್ಧ, 60ಕ್ಕೆ ಕಾಲು, 90ಕ್ಕೆ ಎಂಟನೇ ಒಂದು ಪಾಲು ಉಳಿಯುತ್ತದೆ. ಸಾವಿರಕ್ಕೊಂದು ಪಾಲಿಗೆ ಇಳಿಯಲು ಸುಮಾರು 300 ವರ್ಷ. ಪ್ಲುಟೋನಿಯಂ-239ರ ಅರ್ಧಾಯುಷ್ಯ 24,000 ವರ್ಷಕ್ಕೂ ಮಿಗಿಲು, ಅದನ್ನು ಮನುಷ್ಯರ ತಲೆಮಾರುಗಳಲ್ಲಿ ಎಣಿಸಿ ಫಲವಿಲ್ಲ. ಇನ್ನೊಂದು ವಿಚಿತ್ರ: 14 ವರ್ಷ ಅರ್ಧಾಯುಷ್ಯದ ಪ್ಲುಟೋನಿಯಂ-241 ಕ್ಷಯಿಸಿ ಅಮೆರಿಸಿಯಂ-241 ಆಗುತ್ತದೆ, ಅದರ ಅರ್ಧಾಯುಷ್ಯ 432 ವರ್ಷ. ಹಾಗಾಗಿ ತ್ಯಾಜ್ಯ ಬಿಡುವುದು ನಿಂತ ಮೇಲೂ ಕೆಸರಿನಲ್ಲಿ ಅಮೆರಿಸಿಯಂ ದಶಕಗಳ ಕಾಲ ಹೆಚ್ಚುತ್ತಲೇ ಹೋಗಬಹುದು.

ಪ್ರಶ್ನೆ: ಮೀನು, ಚಿಪ್ಪುಜೀವಿಗಳನ್ನು ತಿನ್ನುವವರು ಏನು ತಿಳಿದಿರಬೇಕು?

ಉತ್ತರ: ಕೆಸರುನೀರನ್ನು ಸೋಸಿ ಬದುಕುವ ಚಿಪ್ಪುಜೀವಿಗಳನ್ನು ಮೊದಲು ಪರೀಕ್ಷಿಸಬೇಕು ಎಂಬುದನ್ನು. ಅಮೆರಿಕದ ಹ್ಯಾನ್‌ಫರ್ಡ್‌ನಲ್ಲಿ 1944ರಿಂದ 1971ರವರೆಗೆ ಕೊಲಂಬಿಯಾ ನದಿಯ ನೀರನ್ನೇ ರಿಯಾಕ್ಟರುಗಳ ಒಳಗೆ ಹಾಯಿಸಿ ಮತ್ತೆ ನದಿಗೆ ಬಿಡುತ್ತಿದ್ದರು. ಅದರಲ್ಲಿದ್ದ ವಿಕಿರಣಶೀಲ ಸತು-65 ನದಿಯನ್ನು ಪೂರ್ತಿ ಹಾದು, ಸಮುದ್ರಕ್ಕಿಳಿದು, ತೀರದುದ್ದಕ್ಕೆ ಸರಿದು ವಿಲಾಪಾ ಕೊಲ್ಲಿಯ ಸಿಂಪಿಗಳ ಮೈಯಲ್ಲಿ ಕಾಣಿಸಿತು. ಸತುವನ್ನು ಒಟ್ಟುಗೂಡಿಸುವುದು ಸಿಂಪಿಗಳ ಸ್ವಭಾವ. ಸೀಸಿಯಂನ ವಿಷಯದಲ್ಲಿ ಸಿಹಿನೀರಿನ ಮೀನುಗಳ ಮೇಲೆ ಹೆಚ್ಚು ಕಣ್ಣಿಡಬೇಕು. ಪೊಟ್ಯಾಸಿಯಂ ಕಡಿಮೆ ಇರುವ ನೀರಿನಲ್ಲಿ ಮೀನಿನ ಮೈ ಅದರ ಬದಲಿಗೆ ಸೀಸಿಯಂ ಅನ್ನು ಹೆಚ್ಚು ಒಳಗೆಳೆಯುತ್ತದೆ. ಕಡಲ ಮೀನಿಗೆ ಆ ಕೊರತೆ ಇಲ್ಲ.

ಪ್ರಶ್ನೆ: ಹೂಳಿನಲ್ಲಿ ವಿಕಿರಣ ಸಿಕ್ಕಿತೆಂದರೆ ಅದು ಮನುಷ್ಯರದೇ ಕೃತ್ಯವೇ?

ಉತ್ತರ: ಅಲ್ಲ. ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂ-40 ಎಲ್ಲ ಮಣ್ಣಿನಲ್ಲೂ ಇವೆ. ಥೋರಿಯಂ ಇರುವ ಮೋನಜೈಟ್ ಮರಳನ್ನು ಅಲೆಗಳು ಹಗುರ ಮರಳಿನಿಂದ ಬೇರ್ಪಡಿಸಿ ಕೆಲವು ತೀರಗಳಲ್ಲಿ ಒಟ್ಟುಮಾಡುತ್ತವೆ. ಸೀಸಿಯಂ-137 ಮಾತ್ರ ನಿಸ್ಸಂಶಯವಾಗಿ ಮನುಷ್ಯರದು. ಇವೆರಡರ ನಡುವೆ ಯುರೇನಿಯಂ ಗಣಿಗಾರಿಕೆ ಬರುತ್ತದೆ. ಅದಿರಿನಿಂದ ಯುರೇನಿಯಂ ತೆಗೆದ ಮೇಲೂ ಅದರ ವಿಕಿರಣದ ನೂರಕ್ಕೆ 85ರಷ್ಟು ಪಾಲು ಉಳಿಕೆಯ ಪುಡಿಯಲ್ಲೇ ಇರುತ್ತದೆ. 1979ರ ಜುಲೈ 16ರಂದು ಅಮೆರಿಕದ ನ್ಯೂ ಮೆಕ್ಸಿಕೋದ ಚರ್ಚ್ ರಾಕ್‌ನಲ್ಲಿ ಅಂಥ ಪುಡಿಯ ಕಟ್ಟೆ ಒಡೆದು ಸುಮಾರು 1,100 ಟನ್ ಉಳಿಕೆಯೂ 35 ಕೋಟಿ ಲೀಟರಿಗೂ ಹೆಚ್ಚು ಆಮ್ಲದ್ರವವೂ ಪ್ಯುಯೆರ್ಕೋ ನದಿಗೆ ನುಗ್ಗಿದವು. ಕೆಳದಂಡೆಯ ನವಾಹೋ ಮೂಲನಿವಾಸಿಗಳು ಕುರಿ ಮೇಯಿಸುತ್ತಿದ್ದ ನದಿ ಅದು. ಆ ವರ್ಷ ಮಾರ್ಚ್‌ನಲ್ಲಿ ನಡೆದ ತ್ರೀ ಮೈಲ್ ಐಲ್ಯಾಂಡ್ ಅಣುಸ್ಥಾವರದ ಅಪಘಾತವನ್ನು ಜಗತ್ತು ಇಂದಿಗೂ ನೆನೆಯುತ್ತದೆ. ಚರ್ಚ್ ರಾಕ್‌ನ ಹೆಸರು ಕೇಳಿದವರೇ ಕಡಿಮೆ. ಇದು ನನ್ನನ್ನು ಬಹಳ ನೋಯಿಸುತ್ತದೆ.

ಪ್ರಶ್ನೆ: ಹಾಗಾದರೆ ಕೆಸರನ್ನೆಲ್ಲ ಎತ್ತಿ ಬೇರೆಡೆ ಹೂತುಬಿಟ್ಟರೆ ಆಯಿತಲ್ಲ? (ಪುರಸಭೆಯ ಮಾಜಿ ಸದಸ್ಯರು)

ಉತ್ತರ: ಎಷ್ಟೋ ಕಡೆ ಅದೇ ಅತ್ಯಂತ ಕೆಟ್ಟ ಉಪಾಯ. ಹೆಚ್ಚು ವಿಕಿರಣದ ಪದರ ಈಗ ಸಾಮಾನ್ಯವಾಗಿ ಮೇಲಿರುವುದಿಲ್ಲ, ಅದರ ಮೇಲೆ ದಶಕಗಳ ಶುದ್ಧ ಹೂಳು ಕೂತಿರುತ್ತದೆ. ಅಗೆಯುವ ಯಂತ್ರ ಮೊದಲು ಆ ಹೊದಿಕೆಯನ್ನು ಹರಿಯುತ್ತದೆ, ಆಮೇಲೆ ಒಳಗಿನದನ್ನು ಕದಡಿ ನೀರಿಗೆ ಬಿಡುತ್ತದೆ. ಕೆಸರಿನ ರಕ್ಷಣೆ ಇರುವುದೇ ಅದು ಅಲುಗದೆ, ಒದ್ದೆಯಾಗಿ ಇರುವುದರಲ್ಲಿ.

ಇದಕ್ಕೆ ತೆತ್ತ ಬೆಲೆಯ ಎರಡು ಪ್ರಸಂಗಗಳಿವೆ. ಅಮೆರಿಕದ ಓಕ್ ರಿಜ್ ಪ್ರಯೋಗಾಲಯದ ಕೆಳಗೆ ವೈಟ್ ಓಕ್ ಎಂಬ ಕೆರೆ ಇತ್ತು. ತೊರೆಗೆ ಅಡ್ಡಲಾಗಿ 1943ರಲ್ಲಿ ಕಟ್ಟಿದ ಒಡ್ಡು ಅದು, ಪ್ರಯೋಗಾಲಯದ ಸೀಸಿಯಂ ಅದರ ಹೂಳಿನಲ್ಲಿ ನಿಲ್ಲುತ್ತಿತ್ತು. 1955ರಲ್ಲಿ ಕೆರೆಯ ನೀರನ್ನು ಬಿಟ್ಟರು. ತಳ ಬಯಲಾಯಿತು, ಮಳೆ ಅದನ್ನು ಕೊಚ್ಚಿತು, 1956ರಲ್ಲಿ ಕ್ಲಿಂಚ್ ನದಿಗೆ ಹಿಂದೆಂದೂ ಇಲ್ಲದಷ್ಟು ಸೀಸಿಯಂ ಇಳಿಯಿತು. ಕೆಳಗಿನ ವಾಟ್ಸ್ ಬಾರ್ ಜಲಾಶಯದ ಕೆಸರಿನಲ್ಲಿ ಆ ವರ್ಷದ ಪದರ ಈಗಲೂ ಗುರುತು ಹಚ್ಚುವಷ್ಟು ಸ್ಪಷ್ಟವಾಗಿದೆ. ಎರಡನೆಯದು ಮಯಾಕ್‌ನದು. ಟೆಚಾಗೆ ಬಿಡುವುದನ್ನು ಕಡಿಮೆ ಮಾಡಿ 1951ರಿಂದ ತ್ಯಾಜ್ಯವನ್ನು ಕರಾಚಾಯ್ ಎಂಬ ಪುಟ್ಟ ಕೆರೆಗೆ ತುಂಬತೊಡಗಿದರು. 1967ರ ಬರದಲ್ಲಿ ಕೆರೆಯ ಅಂಚು ಒಣಗಿತು, ಬಿರುಗಾಳಿ ಆ ಒಣಕೆಸರನ್ನು ಧೂಳಾಗಿ ಎಬ್ಬಿಸಿ ಸುತ್ತಲಿನ ಹಳ್ಳಿಗಳ ಮೇಲೆ ಸುರಿಯಿತು. ನೀರಿನ ಹಾದಿ ಮುಚ್ಚಿದ್ದಕ್ಕೆ ಗಾಳಿಯ ಹಾದಿ ತೆರೆದುಕೊಂಡಿತು.

ವಾಟ್ಸ್ ಬಾರ್‌ನಲ್ಲಿ ಕೊನೆಗೆ ವಿವೇಕದ ನಿರ್ಧಾರ ಬಂತು. 1995ರಲ್ಲಿ ಅಲ್ಲಿನ ಕೆಸರನ್ನು ತೆಗೆಯದೆ ಇದ್ದಲ್ಲೇ ಬಿಡಬೇಕು, ಯಾರು ಹೂಳೆತ್ತುವುದಾದರೂ ಮೊದಲು ಪರಿಶೀಲಿಸಬೇಕು, ನೀರು, ಕೆಸರು, ಮೀನುಗಳನ್ನು ಕಾಲಕಾಲಕ್ಕೆ ಅಳೆಯುತ್ತಿರಬೇಕು ಎಂದು ತೀರ್ಮಾನಿಸಿದರು. ಬಂದರಿಗೆ ದಾರಿ ಬೇಕು, ಸೇತುವೆಗೆ ಕಂಬ ಬೇಕು ಎಂದು ಅಗೆಯಲೇಬೇಕಾದ ಸಂದರ್ಭಗಳೂ ಇರುತ್ತವೆ, ಒಪ್ಪುತ್ತೇನೆ. ಆಗ ಮೇಲ್ಮೈಯ ಒಂದು ಹಿಡಿ ಮಣ್ಣನ್ನು ಪರೀಕ್ಷಿಸಿ ಅನುಮತಿ ಕೊಡುವುದಲ್ಲ, ಎಷ್ಟು ಆಳ ಅಗೆಯುತ್ತಾರೋ ಅಷ್ಟು ಆಳದ ಕಂಬವನ್ನು ತೆಗೆದು, ಸೆಂಟಿಮೀಟರ್ ಲೆಕ್ಕದಲ್ಲಿ ಕತ್ತರಿಸಿ ಅಳೆಯಬೇಕು. ಎತ್ತಿದ ಹೂಳು ಒಣಗಿ ಹಾರದಂತೆ ಒದ್ದೆಯಾಗಿಯೋ ಮುಚ್ಚಿಯೋ ಇಡಬೇಕು. ಸಿಹಿನೀರಿನಿಂದ ಎತ್ತಿದ ಕೆಸರನ್ನು ಕಡಲ ದಡಕ್ಕೆ ಸುರಿಯುವ ಯೋಚನೆಯಿದ್ದರೆ, ಅದರ ಒಂದು ಮಾದರಿಯನ್ನು ಮೊದಲು ಉಪ್ಪುನೀರಿನಲ್ಲಿ ಅಲ್ಲಾಡಿಸಿ, ಎಷ್ಟು ಸೀಸಿಯಂ ಬಿಡುತ್ತದೆ ಎಂದು ನೋಡಬೇಕು. ಆ ಪರೀಕ್ಷೆಗೆ ಕೆಲವು ದಿನ ಸಾಕು. ನಿಮ್ಮ ಪುರಸಭೆಯಂಥ ಸಂಸ್ಥೆಗಳು ಗುತ್ತಿಗೆಯ ಕರಾರಿನಲ್ಲೇ ಇದನ್ನು ಬರೆಸಬೇಕು, ಫಲಿತಾಂಶವನ್ನು ಅಂಕಿಗಳ ಸಮೇತ ಊರಿನವರ ಮುಂದಿಡಬೇಕು.